ಮೂವತ್ತಾರು ಸೊನ್ನೆ

ನಮ್ಮೂರ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ. ನವಲಗುಂದ ತಾಲೂಕಿನ ನಮ್ಮ ಭಾಗದಲ್ಲಿ ಬೋರು ಕೊರೆದರೆ ಸವುಳು ನೀರೇ ಬರುತ್ತದೆ. ಕುಡಿಯುವುದಕ್ಕೆ ಕೆರೆಯೊಂದೇ ಗತಿ. ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಂಡು ವರ್ಷವಿಡೀ ಅದನ್ನೇ ಕುಡಿಯುತ್ತೇವೆ. ಚಪ್ಪಲಿಯನ್ನು ಒಡ್ಡಿನ ಮೇಲೆ ಬಿಡಬೇಕು, ಕೊನೆಯ ಮೆಟ್ಟಿಲ ತನಕ ಹೋಗಿ ಕೊಡ ತುಂಬಿಕೊಳ್ಳಬೇಕು, ನೀರೊಳಗೆ ಕಾಲಿಡಬಾರದು. ನೀರಿಗೆ ಇಳಿಯುವ ಹಕ್ಕು ಕೆರೆ ಕಾಯುವವರೊಬ್ಬರಿಗೆ ಮಾತ್ರ. ದಿನಾ ಬೆಳಗ್ಗೆ ಆರಕ್ಕೆ ಇಳಿದು ಜಾಲರಿಗೆ ಸಿಕ್ಕ ಕಸ ತೆಗೆದು ಊರಿಗೆ ನೀರು ಬಿಡುವವರು ಅವರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ. ನಾನೂ ಹಾಗೇ ಕರೆಯುತ್ತೇನೆ.

ಆ ಕೆರೆಯಲ್ಲಿ ನಾನು ಫೆಬ್ರುವರಿ 12ರಿಂದ ಏಪ್ರಿಲ್ 6ರವರೆಗೆ, ಮೂವತ್ತಾರು ಬೆಳಗುಗಳಲ್ಲಿ, ಇನ್ನೂರ ಹದಿನಾರು ಸಲ ಒಂದು ಹಡಗನ್ನು ಒಂದು ಗಾಳಿಯಂತ್ರಕ್ಕೆ ಡಿಕ್ಕಿ ಹೊಡೆಸಿದೆ.

ಎರಡೂ ಮಾದರಿಗಳು. ಗಾಳಿಯಂತ್ರ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಣ್ಣಿಗೇರಿ ಕಡೆ ಹೋಗುವ ರಸ್ತೆಯಲ್ಲಿ ನಿಂತರೆ ದೂರದ ಗುಡ್ಡಗಳ ಮೇಲೆ ಸಾಲಾಗಿ ಕಾಣುವ ಫ್ಯಾನುಗಳಿಗೆ ಬೇರಿದೆ, ನೆಲದಲ್ಲಿ ಕಾಂಕ್ರೀಟಿನ ಬುಡವಿದೆ. ಆಳ ಸಮುದ್ರದಲ್ಲಿ ನಿಲ್ಲಿಸುವವಕ್ಕೆ ಅದಿಲ್ಲ. ಅವು ತೇಲುತ್ತವೆ. ಮೂರು ದೊಡ್ಡ ಪೊಳ್ಳು ಕಾಲುಗಳ ಮೇಲೆ ಕಂಬ, ಕಂಬದ ತುದಿಯಲ್ಲಿ ರೆಕ್ಕೆ. ತೇಲಿ ಹೋಗದಂತೆ ತಳದ ಲಂಗರುಗಳಿಗೆ ಮೂರು ಕಡೆಯಿಂದ ಸರಪಳಿ. ಅವುಗಳ ರಿಪೇರಿಗೆ ಹೋಗುವ ಹಡಗಿನ ಎಂಜಿನ್ ಕೆಟ್ಟು, ಅದು ಗಾಳಿಗೆ ಜರುಗುತ್ತ ಬಂದು ಯಂತ್ರಕ್ಕೇ ಹಾಯ್ದರೆ ಏನಾಗುತ್ತದೆ ಎನ್ನುವುದು ನನ್ನ ಪಿಎಚ್‌ಡಿಯ ಪ್ರಶ್ನೆ. ಸಮುದ್ರವನ್ನು ನಾನು ನೋಡಿದ್ದು ಎರಡು ಸಲ, ಎರಡೂ ಕಾರವಾರದಲ್ಲಿ.

ನನ್ನ ನೋಂದಣಿಗೆ ಎರಡು ಸಲ ಅವಧಿ ವಿಸ್ತರಿಸಿದ್ದರು. ಮೂರನೆಯದು ಇಲ್ಲ ಎಂದು ಕಾಗದದಲ್ಲೇ ಬರೆದಿದ್ದರು. ಮೇ 31ರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಆರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಪ್ರಬಂಧದ ನಾಲ್ಕು ಅಧ್ಯಾಯ ತಯಾರಿದ್ದವು. ಐದನೆಯದಕ್ಕೆ ಪ್ರಯೋಗ ಬೇಕಿತ್ತು. ಹುಬ್ಬಳ್ಳಿಯ ನಮ್ಮ ಕಾಲೇಜಿನಲ್ಲಿ ನೀರು ಹರಿಯುವ ಗಾಜಿನ ಕಾಲುವೆಯೇನೋ ಇದೆ, ಅಗಲ ಒಂದು ಮೊಳ. ಮೂರು ಕಡೆ ಹಗ್ಗ ಕಟ್ಟಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಕೆರೆ.

ಪಂಚಾಯ್ತಿಯವರನ್ನು ಒಪ್ಪಿಸುವುದಕ್ಕಿಂತ ಕಾಕಾನನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಮಾದರಿಯ ಕಾಲುಗಳನ್ನು ಅವರು ಮೂಸಿ ನೋಡಿದರು.

"ಇದು ಕುಡಿಯೂ ನೀರಿನ ಪೈಪ ಹೌದಿಲ್ಲೋ? ಎಣ್ಣಿ ಗಿಣ್ಣಿ ಹಚ್ಚೀಯೇನು?"

"ಇಲ್ರಿ ಕಾಕಾ. ಹೊಸಾ ಪೈಪು. ತೊಳದ ತಂದೇನಿ."

"ಬಣ್ಣಾ?"

ನೀರಿನ ಮಟ್ಟ ಗುರುತಿಸಲು ಪ್ರತಿ ಕಾಲಿಗೂ ಒಂದು ಬಿಳಿ ಗೆರೆ ಎಳೆದಿದ್ದೆ. ಅದು ಒಣಗಿದೆಯೇ ಎಂದು ಉಗುರಿನಿಂದ ಕೆರೆದು ನೋಡಿಯೇ ಅವರು ಅದನ್ನು ನೀರಿಗೆ ಇಳಿಸಿದ್ದು. ಲಂಗರಿನ ಕಲ್ಲುಗಳನ್ನು ಇಟ್ಟವರು ಅವರು, ಆಚೆ ಬದಿಗೆ ಗೂಟ ಹೊಡೆದವರು ಅವರು, ದಿನಾ ಮಾದರಿಯನ್ನು ನನಗೆ ಬೇಕಾದ ದಿಕ್ಕಿಗೆ ತಿರುಗಿಸಿ ಕೊಡುತ್ತಿದ್ದವರೂ ಅವರೇ. ನಾನು ಕೊನೆಯ ಮೆಟ್ಟಿಲ ಮೇಲೆ ವಹಿ ಹಿಡಿದು ಕೂರುತ್ತಿದ್ದೆ.

ಹಡಗು ಎಂದರೆ ಒಂದೂವರೆ ಮೊಳದ ಕಟ್ಟಿಗೆಯ ದೋಣಿ, ಒಳಗೆ ಇಟ್ಟಿಗೆ ಚೂರು. ಅದಕ್ಕೆ ಕಟ್ಟಿದ ದಾರ ಆಚೆಯ ಗೂಟದ ಗಾಲಿ ಸುತ್ತಿ ಮೆಟ್ಟಿಲಿಗೆ ಮರಳುತ್ತಿತ್ತು. ತುದಿಯಲ್ಲಿ ತೂಕದ ಕಲ್ಲು. ಕಲ್ಲು ಬಿಟ್ಟರೆ ಹಡಗು ಓಡುತ್ತಿತ್ತು. ಡಿಕ್ಕಿಗೆ ಸ್ವಲ್ಪ ಮೊದಲೇ ಕಲ್ಲು ನೆಲ ಮುಟ್ಟುವುದರಿಂದ ಕೊನೆಯ ಗೇಣಿನಲ್ಲಿ ಹಡಗಿಗೆ ಯಾರ ಹಿಡಿತವೂ ಇರುತ್ತಿರಲಿಲ್ಲ. ನಾಲ್ಕು ತೂಕಕ್ಕೆ ನಾಲ್ಕು ವೇಗ. ಮೂರು ದಿಕ್ಕು. ಪ್ರತಿಯೊಂದಕ್ಕೂ ಹದಿನೆಂಟು ಸಲ. ಒಂಬತ್ತರ ನಂತರ ಗಾಳಿ ಏಳುವುದರಿಂದ ದಿನಕ್ಕೆ ಆರೇ ಡಿಕ್ಕಿ. ಬೆಳಗ್ಗೆಯೇ ಗಾಳಿ ಎದ್ದ ದಿನ ಒಂದೂ ಆಗುತ್ತಿರಲಿಲ್ಲ, ಅಮಾವಾಸ್ಯೆಯ ದಿನ ಕಾಕಾ ಮುಟ್ಟಗೊಡುತ್ತಿರಲಿಲ್ಲ.

ಡಿಕ್ಕಿಯಾದಾಗ ಯಂತ್ರ ಮುರಿಯುವುದಿಲ್ಲ. ಅದೇ ಅದರ ಸೊಗಸು. ನೆಲದಲ್ಲಿ ನೆಟ್ಟ ಕಂಬವಾದರೆ ಪೆಟ್ಟನ್ನೆಲ್ಲ ತನ್ನ ಮೈಯಲ್ಲೇ ತಿನ್ನಬೇಕು. ತೇಲುವುದು ಹಿಂದಕ್ಕೆ ಸರಿಯುತ್ತದೆ, ಪೆಟ್ಟಿನ ಬಹುಪಾಲು ಸರಿಯುವುದರಲ್ಲೇ ಕಳೆದುಹೋಗುತ್ತದೆ. ಆದರೆ ಬುಡ ಸರಿದಾಗ ತುದಿ ಅಲ್ಲೇ ಉಳಿಯಲು ನೋಡುತ್ತದೆ; ಮರುಗಳಿಗೆ ಚಾವಟಿಯಂತೆ ಎಳೆದುಕೊಳ್ಳುತ್ತದೆ. ಆಮೇಲೆ ಹಗ್ಗ ಬಿಗಿಯಾಗಿ ಅದನ್ನು ಮರಳಿ ತರುತ್ತದೆ. ಹಡಗು ಇನ್ನೂ ಅಲ್ಲೇ ಇದ್ದರೆ ಎರಡನೇ ಸಲ ತಾನೇ ಹೋಗಿ ಅದಕ್ಕೆ ತಾಗುತ್ತದೆ. ನಂತರ ತೂಗಾಡುತ್ತ ತೂಗಾಡುತ್ತ ನಿಲ್ಲುತ್ತದೆ. ನಾನು ಬರೆಯುತ್ತಿದ್ದುದು ಇಷ್ಟು: ಡಿಕ್ಕಿಗೆ ಮೊದಲು ಕಂಬದ ವಾಲಿಕೆ, ತುದಿಯ ಜರ್ಕು, ಹಗ್ಗದ ಎಳೆತ, ನಿಲ್ಲುವ ತನಕ ಎಷ್ಟು ತೂಗಾಟ.

ನೀರಿಗೆ ಬರುವ ಹೆಂಗಸರಿಗೆ ಇದೊಂದು ಮೋಜು. ನಮ್ಮ ಓಣಿಯ ಅತ್ತೆಯೊಬ್ಬರು ದಿನಾ ಕೇಳುತ್ತಿದ್ದರು.

"ಏನ್‌ ಬೇ, ಇವತ್ತ ಎಷ್ಟ ಸಲ ಹಾಯಿಸಿದಿ?"

"ಆರು ಅತ್ತಿ."

"ಬಿದ್ದಿಲ್ಲ?"

"ಬೀಳೂದಿಲ್ಲ. ಹಿಂದ ಸರದು ಮತ್ತ ಅಲ್ಲೇ ಬಂದ ನಿಂದರತೈತಿ."

"ನಮ್ಮನಿಯವರಂಗ ಐತಿ ಬಿಡು. ಎಷ್ಟ ಬೈದರೂ ಸಂಜೀಕ ಅಲ್ಲೇ ಬಂದ ಕುಂದರತಾರ."

ಕೆರೆಯ ನೀರು ದಿನಾ ಇಳಿಯುತ್ತದೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಮೆಟ್ಟಿಲ ಪಕ್ಕದ ಕಲ್ಲುಕಂಬಕ್ಕೆ ಅಳತೆಪಟ್ಟಿ ಅಂಟಿಸಿ ದಿನಾ ಏಳು ಗಂಟೆಗೆ ಮಟ್ಟ ಬರೆದೆ. ಮಾದರಿ ನಿಂತ ಜಾಗದಲ್ಲಿ ಫೆಬ್ರುವರಿ 12ಕ್ಕೆ ನೂರ ಮೂವತ್ತೆರಡು ಸೆಂಟಿಮೀಟರ್ ಆಳ. ಇಳಿದಷ್ಟೂ ಲೆಕ್ಕ ಹಾಕಿ, ಮೂರೂ ಹಗ್ಗಗಳನ್ನು ಎಷ್ಟು ಬಿಗಿಯಬೇಕೆಂದು ಕಾಕಾನಿಗೆ ಹೇಳುತ್ತಿದ್ದೆ. ಯಾವುದನ್ನೂ ಬಿಟ್ಟಿಲ್ಲ ಎಂದು ನನಗೆ ಅನಿಸಿತ್ತು.

ಡಿಕ್ಕಿಗೆ ಮೊದಲಿನ ವಾಲಿಕೆ ಮೂವತ್ತಾರು ದಿನವೂ ಸೊನ್ನೆ. ಬೆಳಗ್ಗೆ ನಾನು ಬರುವಾಗ ಯಂತ್ರ ನೆಟ್ಟಗೆ ನಿಂತಿರುತ್ತಿತ್ತು. ಕಂಬದ ತುದಿಯಿಂದ ಇಳಿಬಿಟ್ಟ ತೂಗುಗುಂಡಿನ ದಾರ ಕಂಬದ ಮೇಲೆ ಎಳೆದ ಗೆರೆಗೆ ಸರಿಯಾಗಿ ಹೊಂದುತ್ತಿತ್ತು. ಹುಬ್ಬಳ್ಳಿಯ ನನ್ನ ಮಾರ್ಗದರ್ಶಕರು, ಸರ್, ಫೋನಿನಲ್ಲಿ ಎರಡು ಸಲ ಕೇಳಿದ್ದರು: "ಒಂದು ಡಿಗ್ರಿಯೂ ವಾಲುತ್ತಿಲ್ಲವೇ?" ಇಲ್ಲ ಎಂದೆ. "ಬಹಳ ಒಳ್ಳೆಯದು" ಎಂದರು.

ಅದಕ್ಕಿಂತ ಒಳ್ಳೆಯದು ತೂಗಾಟದ ಲೆಕ್ಕದಲ್ಲಿ ಕಂಡಿತು. ಮೊದಲ ಹತ್ತು ದಿನ ಒಂದು ಡಿಕ್ಕಿಗೆ ಸರಾಸರಿ ಹದಿನಾಲ್ಕು ತೂಗಾಟ. ಕೊನೆಯ ಹತ್ತು ದಿನ ಒಂಬತ್ತು. ಪೆಟ್ಟು ತಿಂದಷ್ಟೂ ಯಂತ್ರ ಬೇಗ ಸುಧಾರಿಸಿಕೊಳ್ಳುತ್ತಿತ್ತು. ಹಗ್ಗ ನೆನೆದು ಮೆತ್ತಗಾಗಿ ಅಲುಗಾಟವನ್ನು ನುಂಗುತ್ತಿರಬೇಕು ಎಂದು ನಾನು ಕಾರಣ ಹುಡುಕಿದೆ, ಹನ್ನೊಂದು ಪುಟ ಬರೆದೆ. ಸರ್ ಓದಿ, ಇದೊಂದೇ ಸಾಕು, ಪ್ರಬಂಧದ ಬೆನ್ನೆಲುಬು ಸಿಕ್ಕಿತು ಎಂದರು. ಏಪ್ರಿಲ್ 6ಕ್ಕೆ ಇನ್ನೂರ ಹದಿನಾರನೇ ಡಿಕ್ಕಿ ಮುಗಿಯಿತು. ಅವತ್ತು ಅವ್ವ ಹೋಳಿಗೆ ಮಾಡಿದ್ದಳು. ಕಾಕಾ ನಾಲ್ಕು ತಿಂದರು.

ಏಪ್ರಿಲ್ 8ಕ್ಕೆ ಮಾದರಿಯನ್ನು ದಂಡೆಗೆ ತಂದೆವು. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ತೂಕ ಮಾಡಬೇಕು ಎನ್ನುವುದು ನನ್ನದೇ ನಿಯಮ. ಕಿರಾಣಿ ಅಂಗಡಿಯ ತಕ್ಕಡಿ ತಂದಿದ್ದೆ. ಫೆಬ್ರುವರಿಯಲ್ಲಿ ಹನ್ನೊಂದು ಕಿಲೋ ನಾಲ್ಕುನೂರು ಗ್ರಾಂ ಇತ್ತು. ಈಗ ಹದಿನಾಲ್ಕು ಕಿಲೋ ಒಂಬೈನೂರು.

ತಕ್ಕಡಿ ತಪ್ಪಿರಬೇಕೆಂದು ಮತ್ತೆರಡು ಸಲ ತೂಗಿದೆ. ಆಮೇಲೆ ಕಾಲುಗಳ ಬಿಳಿ ಗೆರೆ ನೋಡಿದೆ. ಪಾಚಿ ಕಟ್ಟಿದ್ದು ಗೆರೆಗಿಂತ ನಾಲ್ಕು ಬೆರಳು ಮೇಲೆ. ಅಂದರೆ ಯಂತ್ರ ಇಷ್ಟು ದಿನ ನಾಲ್ಕು ಬೆರಳು ಹೆಚ್ಚಿಗೆ ಮುಳುಗಿ ನಿಂತಿತ್ತು. ನಾನು ಕೆರೆಯ ನೀರನ್ನು ದಿನಾ ಅಳೆದೆ, ಅದರಲ್ಲಿ ನಿಂತದ್ದು ಎಷ್ಟು ಮುಳುಗಿದೆ ಎಂದು ಒಂದು ದಿನವೂ ಅಳೆಯಲಿಲ್ಲ.

ಒಂದನೇ ಕಾಲಿನ ಮುಚ್ಚಳ ತಿರುಗಿಸಿದೆ. ಒಳಗೆ ನೀರು. ಹಡಗು ಹಾಯ್ದು ಹಾಯ್ದು ತಳದ ಅಂಟು ಕೂದಲೆಳೆಯಷ್ಟು ಬಿಟ್ಟಿತ್ತು. ಎರಡನೇ ಕಾಲು ತೆರೆದು ಬೋರಲು ಹಾಕಿದೆ. ಮೆಟ್ಟಿಲ ಮೇಲೆ ದಬದಬ ಬಿದ್ದವು ಸಣ್ಣ ಸಣ್ಣ ಬಟ್ಟೆಯ ಗಂಟುಗಳು. ಕೆಂಪು, ಹಸಿರು, ಜರಿ ಅಂಚಿನವು. ಮೂರನೆಯದನ್ನೂ ಬೋರಲು ಹಾಕಿದೆ. ಅದರಿಂದಲೂ ಅಷ್ಟೇ. ಒಂದು ಗಂಟು ಬಿಚ್ಚಿದರೆ ಒಳಗೆ ಉಸುಕು. ಎಣಿಸಿದೆ. ಮೂವತ್ತೊಂದು.

ಕಾಕಾ ಪಕ್ಕದಲ್ಲೇ ಪಂಚೆ ಹಿಂಡುತ್ತಿದ್ದರು.

"ಕಾಕಾ, ಇದೇನ್ರಿ ಇದು?"

"ಉಸುಕು."

"ಯಾರ ಹಾಕ್ಯಾರ?"

"ಮತ್ತ್ಯಾರ ಹಾಕತಾರ? ನಾನ. ಬೆಳಿಗ್ಗಿ ಬಂದ ನೋಡಿದ್ರ ನಿನ್ನ ಫ್ಯಾನು ವಾಲಿರತಿತ್ತು. ಎದರ ಬಾಜೂಕ ಒಂದೊಂದ ಗಂಟ ಹಾಕಿದ್ರ ನೆಟ್ಟಗಾಕ್ಕಿತ್ತು."

"ನನಗ್ಯಾಕ ಹೇಳಲಿಲ್ಲರಿ?"

ಅವರಿಗೆ ನಗು ಬಂತು. "ಹೇಳೂದೇನೈತಿ ಯವ್ವಾ ಅದರಾಗ? ಹೇರು ವಾಲಿದ್ರ ಸರಿ ಮಾಡತಾರ, ಡಂಗರಾ ಹೊಡೀತಾರೇನು?"

ಕೆರೆ ಕಾಯುವ ಮೊದಲು ಕಾಕಾ ಇಪ್ಪತ್ತು ವರ್ಷ ಚಕ್ಕಡಿಗೆ ಕಣಿಕೆ ಹೇರುವ ಕೆಲಸ ಮಾಡಿದವರು. ಎರಡಾಳೆತ್ತರ ಜೋಳದ ದಂಟು ಹೇರಿದರೂ ಅವರ ಚಕ್ಕಡಿ ಮುಂದಕ್ಕೂ ವಾಲುತ್ತಿರಲಿಲ್ಲ, ಹಿಂದಕ್ಕೂ ಎದ್ದೇಳುತ್ತಿರಲಿಲ್ಲ. ಭಾರ ಹಿಂದಾದರೆ ನೊಗ ಎತ್ತಿನ ಕೊರಳನ್ನು ಮೇಲಕ್ಕೆ ಒತ್ತುತ್ತದೆ. ಮುಂದಾದರೆ ಹೆಗಲು ಮುರಿಯುತ್ತದೆ. ದಾರಿಯಲ್ಲಿ ಒಂದು ಕಡೆ ಜಗ್ಗಿದರೆ ಇನ್ನೊಂದು ಕಡೆ ಒಂದು ಕಟ್ಟು ಏರಿಸುವುದು, ಮಾತಾಡದೆ ಮುಂದೆ ಸಾಗುವುದು. ಅದು ಅವರ ಕೈಗೆ ಹತ್ತಿದ ಕೆಲಸ. ನನ್ನ ಯಂತ್ರವೂ ಅವರಿಗೆ ಒಂದು ಹೇರು.

"ಗಂಟ ಯಾಕ ಕಟ್ಟಿದ್ರಿ? ಬಿಡಿ ಉಸುಕ ಹಾಕಬೇಕಿತ್ತಲ್ಲ."

"ಚೆಲ್ಲಿದ್ರ? ಕುಡಿಯೂ ನೀರ ಅದು."

ಅವರು ಹಾಕಿದ ಉಸುಕು ಕಾಲಿನ ತಳದಲ್ಲಿ ಕೂತು ಯಂತ್ರದ ಬುಡವನ್ನು ಭಾರ ಮಾಡಿತ್ತು. ಬುಡ ಭಾರವಾದದ್ದು ಬೇಗ ನಿಲ್ಲುತ್ತದೆ. ಹದಿನಾಲ್ಕು ತೂಗಾಟ ಒಂಬತ್ತಕ್ಕೆ ಇಳಿದದ್ದು ಹಗ್ಗದಿಂದಲ್ಲ, ಕಾಕಾನಿಂದ. ಡಿಕ್ಕಿ ತಿಂದ ಯಂತ್ರ ನಿಜವಾಗಿ ಮಾಡುತ್ತಿದ್ದುದು ಬೇರೆಯೇ: ಅದು ಒಂದು ಕಾಲಿನಿಂದ ನಿಧಾನವಾಗಿ ನೀರು ಕುಡಿದು ಒಂದು ಬದಿಗೆ ವಾಲುತ್ತಿತ್ತು. ನಾನು ಕಾಣಬೇಕಾಗಿದ್ದುದು ಅದನ್ನೇ. ಅದನ್ನು ಅವರು ದಿನಾ ಆರು ಗಂಟೆಗೆ ಸರಿಮಾಡುತ್ತಿದ್ದರು, ನಾನು ಏಳಕ್ಕೆ ಬಂದು ಸೊನ್ನೆ ಬರೆಯುತ್ತಿದ್ದೆ.

ಆದರೂ ಅವತ್ತು ನಾನು ಕೈಬಿಡಲಿಲ್ಲ. ಯಾವ ಗಂಟು ಯಾವ ದಿನ ಒಳಗೆ ಹೋಯಿತು ಎಂದು ಗೊತ್ತಾದರೆ ಅಂದಂದಿನ ತೂಕ ಸಿಗುತ್ತದೆ, ತೂಕ ಸಿಕ್ಕರೆ ಲೆಕ್ಕವನ್ನು ಸರಿಪಡಿಸಬಹುದು, ವಾಲಿಕೆಯನ್ನೂ ಹಿಮ್ಮುಖವಾಗಿ ಕಂಡುಹಿಡಿಯಬಹುದು. ಇನ್ನೂರ ಹದಿನಾರೂ ಉಳಿಯುತ್ತವೆ.

ಕಾಕಾನಿಗೆ ದಿನ ನೆನಪಿರಲಿಲ್ಲ. "ವಾಲಿದಾಗ ಹಾಕಿದೆ" ಎಂದಷ್ಟೇ ಹೇಳಿದರು. ಒಂದು ಸಂತೆಯ ದಿನ, ಜಾಲರಿಗೆ ಹಾವು ಸಿಕ್ಕ ದಿನ, ಅವರ ಹಲ್ಲು ನೋಯುತ್ತಿದ್ದ ದಿನ ಎಂದು ಹೀಗೆ ಐದು ದಿನ ಸಿಕ್ಕವು. ಮೂವತ್ತೊಂದರಲ್ಲಿ ಐದು.

ಬಟ್ಟೆ ಅವ್ವನದಾಗಿತ್ತು. ಅವ್ವ ಊರಿಗೆಲ್ಲ ಜಂಪರು ಹೊಲಿಯುತ್ತಾಳೆ. ಕಾಕಾ ಬಂದು ಚಿಂದಿ ಕೇಳಿದ್ದರಂತೆ, ಕೈ ಒರೆಸಿಕೊಳ್ಳಲು ಇರಬೇಕು ಎಂದು ಇವಳು ಕೊಟ್ಟಿದ್ದಳಂತೆ. ನಾನು ಮೂವತ್ತೊಂದು ಚಿಂದಿಗಳನ್ನೂ ಒಗೆದು ಪಡಸಾಲೆಯಲ್ಲಿ ಹರವಿದೆ. ಅವ್ವನ ಬಳಿ ಅಳತೆಯ ವಹಿ ಇದೆ. ಯಾರದು, ಎದೆ ಎಷ್ಟು, ತೋಳು ಎಷ್ಟು, ಯಾವತ್ತು ಕತ್ತರಿಸಿದ್ದು. ಅವಳು ಒಂದೊಂದೇ ಚಿಂದಿ ಎತ್ತಿ ಬೆಳಕಿಗೆ ಹಿಡಿದಳು.

"ಇದು ಗೌಡರ ಮನಿ ಸೊಸೀದು. ತೋಳ ಬಿಗಿ ಆತು ಅಂತ ತಿರಗಿ ತಂದಿದ್ಲು ನೋಡು, ಅದು. ಇದು ಟೀಚರಬಾಯಾರದು. ಇದು ಯಾರದಪಾ... ಹಾಂ, ನಿನ್ನ ಅತ್ತೀದ. ಜರಿ ಉಳಿಸಿ ಕೊಡು ಅಂದಿದ್ಲು, ನಾ ಕೊಡಲಿಲ್ಲ. ಹೇಳಬ್ಯಾಡ ಮತ್ತ."

ಇಪ್ಪತ್ತಾರನ್ನು ಗುರುತಿಸಿದಳು. ಉಳಿದ ಐದು ಶಾಲೆಯ ಸಮವಸ್ತ್ರದ ಬಟ್ಟೆ, ಹಿಂದಿನ ಜೂನಿನದು. ಇಪ್ಪತ್ತಾರಕ್ಕೆ ಕತ್ತರಿಸಿದ ದಿನಾಂಕ ಸಿಕ್ಕಿತು. ನಾನು ದೊಡ್ಡ ಹಾಳೆಯ ಮೇಲೆ ಮನೆ ಹಾಕಿ, ಎಡಕ್ಕೆ ಚಿಂದಿಗಳು, ಮೇಲಕ್ಕೆ ಮೂವತ್ತಾರು ದಿನಗಳನ್ನು ಬರೆದೆ. ಏಪ್ರಿಲ್ 20ರ ತನಕ, ಹನ್ನೆರಡು ದಿನ, ಅದೊಂದೇ ಕೆಲಸ. ಬೆಳಗ್ಗೆ ಎದ್ದವಳು ಚಿಂದಿಯ ಮುಂದೆ ಕೂತರೆ ಅವ್ವ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಅವ್ವನೂ ನಂಬಿದ್ದಳು. ಗಿರಾಕಿ ಬಂದರೆ, "ಅಲ್ಲಿ ಕಾಲಿಡಬ್ಯಾಡ್ರಿ, ನಮ್ಮ ಹುಡಿಗೀದು ಪರೀಕ್ಷಾ ಐತಿ" ಎಂದು ಬಾಗಿಲಲ್ಲೇ ನಿಲ್ಲಿಸಿ ಅಳತೆ ತೆಗೆದುಕೊಳ್ಳುತ್ತಿದ್ದಳು.

ಆದರೆ ಬಟ್ಟೆ ಕತ್ತರಿಸಿದ ದಿನವೇ ಅದು ಗಂಟಾಗಲಿಲ್ಲ. ಕಾಕಾ ಮೂರು ಸಲ ಬಂದು ಮೂರು ಹಿಡಿ ಒಯ್ದಿದ್ದರು, ಕೈಗೆ ಬಂದದ್ದನ್ನು ಕಟ್ಟಿದ್ದರು. ಚಿಂದಿ ಹೇಳುತ್ತಿದ್ದುದು ಇಷ್ಟೇ: ಈ ದಿನಕ್ಕಿಂತ ಮೊದಲಲ್ಲ. ಆಮೇಲೆ ಯಾವಾಗ? ಅದು ಯಾವ ವಹಿಯಲ್ಲೂ ಇಲ್ಲ.

ಒಂದು ದಾರಿ ಇತ್ತು. ಗಂಟುಗಳು ಕಾಲಿನೊಳಗೆ ಒಂದರ ಮೇಲೊಂದು ಬಿದ್ದಿದ್ದವು. ತಳದ್ದು ಮೊದಲನೆಯದು, ಮೇಲಿನದು ಕೊನೆಯದು. ಆ ವರಸೆ ಗೊತ್ತಿದ್ದಿದ್ದರೆ ಚಿಂದಿಯ ದಿನಾಂಕದ ಜೊತೆ ಹೊಂದಿಸಿ ಎರಡು ಮೂರು ದಿನಗಳ ಅಂತರದಲ್ಲಿ ಹಿಡಿಯಬಹುದಿತ್ತು. ವರಸೆ ಇದ್ದದ್ದು ಏಪ್ರಿಲ್ 8ರ ಬೆಳಗಿನ ತನಕ. ಬೋರಲು ಹಾಕಿ ಎರಡು ಕಾಲಿನದನ್ನೂ ಒಂದೇ ಗುಡ್ಡೆ ಮಾಡಿದವಳು ನಾನು.

ಇದು ಹೊಳೆದದ್ದು ಏಪ್ರಿಲ್ 20ರ ಮಧ್ಯಾಹ್ನ. ಹಾಳೆ ಮಡಚಿ ಕೆರೆಗೆ ಹೋದೆ. ಹೊಸದಾಗಿ ಶುರುಮಾಡೋಣ, ಇನ್ನೂರ ಹದಿನಾರು ಆಗದಿದ್ದರೆ ಎಪ್ಪತ್ತೆರಡಾದರೂ ಆಗಲಿ, ಹನ್ನೆರಡು ಬೆಳಗಿನ ಕೆಲಸ ಎಂದುಕೊಂಡು ಕಲ್ಲುಕಂಬದ ಪಟ್ಟಿ ನೋಡಿದೆ. ಮಾದರಿಯ ಜಾಗದಲ್ಲಿ ಅರುವತ್ತೊಂದು ಸೆಂಟಿಮೀಟರ್. ನನ್ನ ಹಗ್ಗದ ಅಳತೆಗೆ ಕನಿಷ್ಠ ಅರುವತ್ತು ಬೇಕು. ಏಪ್ರಿಲ್ 8ಕ್ಕೆ ಎಪ್ಪತ್ತನಾಲ್ಕಿತ್ತು. ಚಿಂದಿ ಹರವಿಕೊಂಡು ಕೂತ ಹನ್ನೆರಡು ದಿನ ಕಾಕಾ ದಿನಾ ಊರಿಗೆ ನೀರು ಬಿಟ್ಟಿದ್ದರು, ಬಿಸಿಲು ತನ್ನ ಪಾಲು ತೆಗೆದುಕೊಂಡಿತ್ತು. ಆ ಹನ್ನೆರಡು ಬೆಳಗು ನನಗೆ ಸಾಕಾಗುತ್ತಿದ್ದವು. ಕೆರೆಯ ನಡುವೆ ಆಳವಿದೆ, ಆದರೆ ಅಲ್ಲಿ ಊರಿಗೆ ನೀರೆತ್ತುವ ಬಾವಿಯಿದೆ. ಅಲ್ಲಿಗೆ ಕಾಕಾ ಕೂಡ ಕೈಮುಗಿದು ಹೋಗುತ್ತಾರೆ. ಕೇಳಲಿಲ್ಲ. ಕಾಲುವೆಗೆ ನೀರು ಬರುವುದು ಮಳೆಗಾಲದಲ್ಲಿ.

ಸರ್‌ಗೆ ಫೋನು ಮಾಡಿದೆ. ಅವರು ಬೈಯಲಿಲ್ಲ.

"ಮೊದಲ ಅರುವತ್ತು ಡಿಕ್ಕಿ ಮಾತ್ರ ಇಟ್ಟುಕೋ. ಉಳಿದದ್ದು ಬಿಡು."

"ಮೊದಲನೇ ಗಂಟು ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲ ಸರ್. ಮೊದಲ ವಾರವೇ ಇರಬೇಕು ಅಂತಾರೆ ಕಾಕಾ."

ಸರ್ ಕೇಳಿದರು: "ಈ ಗಂಟಿನ ವಿಷಯ ಯಾರಿಗೆ ಗೊತ್ತಿದೆ?"

"ನನಗೆ, ನಮ್ಮ ಅವ್ವನಿಗೆ, ಕಾಕಾಗೆ. ಈಗ ನಿಮಗೆ."

"ನೋಡು, ನಾನು ಹೇಳಿದೆ ಅಂತ ಅಲ್ಲ. ಪರೀಕ್ಷಕರು ಕೆರೆಗೆ ಬರುವುದಿಲ್ಲ. ಯೋಚನೆ ಮಾಡು."

ಯೋಚನೆ ಮಾಡಿದೆ. ಹನ್ನೊಂದು ಪುಟ ಹಾಗೇ ಇದ್ದವು, ಚೆನ್ನಾಗಿಯೂ ಇದ್ದವು. ಓದಿದವರು ನಂಬುತ್ತಿದ್ದರು. ಡಿಕ್ಕಿಯಾದ ಮರುದಿನ ಯಂತ್ರ ನೆಟ್ಟಗಿರುತ್ತದೆ, ಹೊಡೆತ ತಿಂದಷ್ಟೂ ಗಟ್ಟಿಯಾಗುತ್ತದೆ ಎಂದು ಎಲ್ಲೋ ಒಬ್ಬರು ಬರೆದುಕೊಳ್ಳುತ್ತಿದ್ದರು. ರಿಪೇರಿಯವನು ಆ ಮಾತಿನ ಮೇಲೆ ಏಣಿ ಹತ್ತುತ್ತಾನೆ. ಕೆಳಗೆ ಒಂದು ಕಾಲು ಸದ್ದಿಲ್ಲದೆ ನೀರು ಕುಡಿಯುತ್ತಿರುತ್ತದೆ. ಅಲ್ಲಿ ಆರು ಗಂಟೆಗೆ ಬಂದು ಗಂಟು ಹಾಕಲು ಕಾಕಾ ಇರುವುದಿಲ್ಲ.

ಮೇ 2ರಂದು ಎಲ್ಲವನ್ನೂ ಬರೆದು ಸರ್‌ಗೆ ಕಳಿಸಿದೆ. ಮೂವತ್ತೊಂದು ಗಂಟು, ನೀರು, ಪಾಚಿಯ ಗೆರೆ, ನಾನು ಗುಡ್ಡೆ ಮಾಡಿದ್ದು. ಎರಡು ಸಾಲಿನ ಉತ್ತರ ಬಂತು: ಓದಿದ್ದೇನೆ, ಹೀಗಿದ್ದರೆ ಒಪ್ಪಿಸಲು ಬರುವುದಿಲ್ಲ. ಸರಿಯಾಗಿಯೇ ಬರೆದಿದ್ದರು.

ಉಳಿದದ್ದು ಒಂದೇ ಆಸೆ. ಪ್ರಬಂಧಕ್ಕಲ್ಲ. ಒಂದೇ ಒಂದು ಸಲ, ಯಾರೂ ಮುಟ್ಟದೆ, ಅದು ಏನು ಮಾಡುತ್ತದೆ ಎಂದು ನೋಡಬೇಕಿತ್ತು. ಗಂಟು ತೆಗೆದು, ನೀರು ಚೆಲ್ಲಿ, ಒಣಗಿಸಿ, ಅಂಟಿನ ಬಿರುಕನ್ನು ಹಾಗೇ ಬಿಟ್ಟು, ಮೇ 18ಕ್ಕೆ ಮಾದರಿಯನ್ನು ಮತ್ತೆ ಇಳಿಸಿದೆವು. ಇಪ್ಪತ್ತೇಳು ಸೆಂಟಿಮೀಟರ್ ನೀರು. ಒಂದು ಡಿಕ್ಕಿ.

"ಕಾಕಾ, ಈ ಸಲ ಮುಟ್ಟಬ್ಯಾಡ್ರಿ. ವಾಲಿದ್ರೂ ಮುಟ್ಟಬ್ಯಾಡ್ರಿ."

"ಬಿದ್ರ?"

"ಬಿದ್ರೂ."

ಅವರು ನನ್ನ ಮುಖ ನೋಡಿದರು. "ನಾ ಹಾಕಿದ ಉಸುಕಿನಿಂದ ನಿನ್ನ ಕೆಲಸಾ ಕೆಟ್ಟೇತೇನು?"

"ಇಲ್ರಿ. ಇದು ಬ್ಯಾರೆ ಪರೀಕ್ಷಾ."

ಮೇ 19ಕ್ಕೆ ಒಂದು ಡಿಗ್ರಿ ವಾಲಿತ್ತು. 20ಕ್ಕೆ ಎರಡು. 21ಕ್ಕೆ ಮೂರು. ಮೂರು ಡಿಗ್ರಿ ಎಂದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅವತ್ತು ಕಾಕಾ ಕೆಲಸ ಮುಗಿಸಿ ಒಡ್ಡಿನ ಮೇಲೆ ಕೆರೆಗೆ ಬೆನ್ನು ಹಾಕಿ ಕೂತಿದ್ದರು. ಅತ್ತೆ ಕೊಡ ತುಂಬುತ್ತ, "ಏನೋ ಕಾಕಾ, ಫ್ಯಾನ ಕುಡದು ನಿಂತೈತಿ, ಒಂದ ಕೈ ಕೊಡು" ಎಂದರೆ ಅವರು ತಿರುಗಿಯೂ ನೋಡಲಿಲ್ಲ. "ಮುಟ್ಟಬ್ಯಾಡ ಅಂದಾಳ" ಎಂದರು.

22ಕ್ಕೆ ನಾಲ್ಕು. 23ಕ್ಕೂ ನಾಲ್ಕು. ನಾಲ್ಕೇ ಯಾಕೆ ಎಂದು ನನಗೆ ಅವತ್ತೇ ತಿಳಿಯಿತು. ಮಟ್ಟದ ಅಂಕಣ ನೋಡಿದೆ: ಇಪ್ಪತ್ತೊಂದು ಸೆಂಟಿಮೀಟರ್. ವಾಲಿದ ಕಾಲು ಕೆರೆಯ ತಳ ಮುಟ್ಟಿತ್ತು. ಇನ್ನು ಮುಂದೆ ಅದು ವಾಲುವ ಹಾಗಿರಲಿಲ್ಲ. ದಿನಾ ನೀರು ಇಳಿದಂತೆ ಉಳಿದೆರಡು ಕಾಲುಗಳೂ ಕೆಳಗಿಳಿದು ಕೆಸರಿನ ಮೇಲೆ ಕೂರುವುದಷ್ಟೇ ಬಾಕಿ. ಎಷ್ಟು ವಾಲುತ್ತಿತ್ತು, ಎಷ್ಟನೇ ದಿನ ಮಗುಚುತ್ತಿತ್ತು, ಅಥವಾ ಮಗುಚುತ್ತಲೇ ಇರಲಿಲ್ಲವೋ, ಅದನ್ನು ಹೇಳಲು ಕೆರೆಯಲ್ಲಿ ನೀರು ಉಳಿದಿರಲಿಲ್ಲ. ಆದರೂ ದಿನಾ ಹೋದೆ. 24ಕ್ಕೆ ಮೂರು. 25ಕ್ಕೆ ಒಂದು.

ಮೇ 26ರಂದು ನಾನು ಒಡ್ಡು ಹತ್ತಿ ಚಪ್ಪಲಿ ಬಿಡುವ ಮೊದಲೇ ಕಾಕಾ ಮೆಟ್ಟಿಲಿನಿಂದ ಕೂಗಿದರು. ಅಷ್ಟು ದೊಡ್ಡ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

"ತಂಗೀ! ಲಗೂನ ಬಾ! ನೋಡಿಲ್ಲಿ!"

ಯಂತ್ರ ನೆಟ್ಟಗೆ ನಿಂತಿತ್ತು. ನೀರು ಅದರ ಬಿಳಿ ಗೆರೆಗಿಂತ ಎರಡು ಬೆರಳು ಕೆಳಗಿತ್ತು.

"ನಿಮ್ಮವ್ವನ ಆಣಿ, ನಾ ಮುಟ್ಟಿಲ್ಲ. ಮೊನ್ನಿಯಿಂದ ಒಂದೀಟ ಒಂದೀಟ ಏಳಾಕ ಹತ್ತಿತ್ತು, ನಾ ಸುಮ್ಮನಿದ್ದೆ. ಇವತ್ತ ನೋಡು, ತಾನ ಎದ್ದ ನಿಂತೈತಿ! ಅಗದಿ ನೆಟ್ಟಗ!"

ನಾನು ಕೊನೆಯ ಮೆಟ್ಟಿಲ ಮೇಲೆ ಕೂತು ವಹಿ ತೆರೆದೆ. ತೂಗುಗುಂಡಿನ ದಾರ ಕಂಬದ ಗೆರೆಗೆ ಸರಿಯಾಗಿ ಹೊಂದಿತ್ತು. ಬರೆದೆ. ಕಾಕಾ ಬಗ್ಗಿ ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಏನ್ ಬರದಿ?"

"ಸೊನ್ನಿ."

"ಸೊನ್ನಿ ಅಂದ್ರ ಛಲೋನ?"

"ಹೌದ್ರಿ ಕಾಕಾ. ಛಲೋನ."

"ಮತ್ತ ಪಾಸಾತಲ್ಲ" ಎಂದು ಅವರು ಪಂಚೆ ಎತ್ತಿ ಕಟ್ಟಿಕೊಂಡು, ಯಂತ್ರಕ್ಕೆ ತಾಗದಂತೆ ದೂರದಿಂದಲೇ ಹಾದು, ಊರಿಗೆ ನೀರು ಬಿಡಲು ಹೋದರು. ನಾನು ಪಕ್ಕದ ಅಂಕಣದಲ್ಲಿ 'ತಳ ಕೆಸರಿಗೆ ಕೂತಿದೆ' ಎಂದು ಬರೆದು ದಿನಾಂಕ ಹಾಕಿದೆ. ಮೇ 31ಕ್ಕೆ ಇನ್ನೂ ಐದು ದಿನ ಇದ್ದವು. ಆ ಪುಟದಲ್ಲಿ ಐದು ಸಾಲು ಖಾಲಿ ಇವೆ.